ತೂಕ ಇಳಿಸುವ ಸರ್ಜರಿ ಆದ ಮೇಲಿನ ದಿನಗಳು: ನಿಮ್ಮ ಪ್ರಶ್ನೆ, ಡಯಟಿಷಿಯನ್ ಉತ್ತರ

ಸರ್ಜರಿ ಆದವರು, ಅವರ ಮನೆಯವರು ಕಳಿಸಿದ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಬೇರಿಯಾಟ್ರಿಕ್ ಸರ್ಜರಿ ಮಾಡುವ ತಂಡದಲ್ಲಿ ನಾನು ಡಯಟಿಷಿಯನ್. ಔಷಧಿ ಹೆಚ್ಚು ಕಮ್ಮಿ ಮಾಡುವ ವಿಷಯ ಬಂದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಪ್ರಶ್ನೆ: ಮೇಡಂ, ಸ್ಲೀವ್ ಸರ್ಜರಿ ಆಗಿ ಎರಡು ತಿಂಗಳಾಯ್ತು. ಈಗ ಗಟ್ಟಿ ಆಹಾರ ಶುರು ಮಾಡಿದ್ದೇನೆ. ನಾಲ್ಕೈದು ತುತ್ತು ಚೆನ್ನಾಗೇ ಇಳಿಯುತ್ತೆ. ಆಮೇಲೆ ಎದೆ ನಡುವೆ ಏನೋ ಸಿಕ್ಕಿಕೊಂಡ ಹಾಗಾಗಿ ವಾಂತಿ ಆಗುತ್ತೆ. ಒಳಗೆ ಏನಾದ್ರೂ ಹಾಳಾಗಿದ್ಯಾ ಅಂತ ಭಯ.

ಉತ್ತರ: ಮೊದಲು ಒಂದು ಮಾತು ಹೇಳಿ. ಊಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ? ಈ ಹಂತದಲ್ಲಿ ಆಗುವ ವಾಂತಿಗೆ ಹೆಚ್ಚಿನ ಸಲ ಕಾರಣ ಅವಸರವೇ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಮೊದಲು ಊಟ ಬಿದ್ದ ಹಾಗೆ ಹಿಗ್ಗಿ ಜಾಗ ಕೊಡುತ್ತಿದ್ದ ಮೇಲಿನ ಭಾಗ ಈಗ ಇಲ್ಲ. ಹಾಗಾಗಿ ಒಂದೇ ಒಂದು ತುತ್ತು ಜಾಸ್ತಿಯಾದರೂ ಒಳಗಿನ ಒತ್ತಡ ಥಟ್ಟನೆ ಏರುತ್ತದೆ. ಸಾಕು ಅನ್ನುವ ಸೂಚನೆ ಮೆದುಳಿಗೆ ಮುಟ್ಟುವಷ್ಟರಲ್ಲಿ ನೀವು ಇನ್ನೆರಡು ತುತ್ತು ನುಂಗಿರುತ್ತೀರಿ.

ಸಣ್ಣ ಚಮಚ ಇಟ್ಟುಕೊಳ್ಳಿ. ಒಂದು ಚಮಚ ಬಾಯಿಗೆ ಹಾಕಿದ ಮೇಲೆ ಅದನ್ನು ಕೆಳಗಿಡಿ, ಕೈಯಲ್ಲಿ ಹಿಡಿದುಕೊಂಡೇ ಅಗಿಯಬೇಡಿ. ಬಾಯಲ್ಲಿರುವುದು ಪೂರ್ತಿ ನುಣ್ಣಗಾದ ಮೇಲೆ ನುಂಗಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಹಿಡಿಯಲಿ. ಅರ್ಧ ಗಂಟೆ ಆದ ಮೇಲೂ ತಟ್ಟೆಯಲ್ಲಿ ಉಳಿದಿದ್ದರೆ ಎದ್ದುಬಿಡಿ.

ಹೊಸ ಹೊಟ್ಟೆ ಸಾಕು ಅನ್ನುವ ರೀತಿಯೂ ಬೇರೆ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗಲ್ಲಿ ನೀರು ಸುರಿಯುತ್ತದೆ. ಇನ್ನು ಕೆಲವರಿಗೆ ಎದೆಗೂಡಿನ ಕೆಳಗೆ ಒತ್ತಿ ಹಿಡಿದ ಹಾಗಾಗುತ್ತದೆ. ನಿಮ್ಮದು ಯಾವುದು ಅಂತ ಒಂದು ವಾರ ಗಮನಿಸಿ. ಅದು ಬಂದ ಕೂಡಲೇ ನಿಲ್ಲಿಸಿ. ಬಾಯಿ ಹತ್ತಿರ ತಂದ ಚಮಚವನ್ನೂ ಕೆಳಗಿಡಿ.

ಒಣಗಿದ ಮಾಂಸ, ಮೆತ್ತನೆ ಬ್ರೆಡ್, ಮುದ್ದೆಯಾಗಿ ಅಂಟುವ ಅನ್ನ ಇವೇ ಜಾಸ್ತಿ ಸಿಕ್ಕಿಕೊಳ್ಳುವುದು. ಊಟದಲ್ಲಿ ಮೊದಲು ಪ್ರೋಟೀನ್ ತಿನ್ನಿ, ಆಮೇಲೆ ತರಕಾರಿ. ಜಾಗ ಉಳಿದರೆ ಮಾತ್ರ ಬ್ರೆಡ್ಡು, ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಒಂದೆರಡು ಊಟದಲ್ಲಿ ಇದು ಆಗುವ ಮಾತಲ್ಲ, ದಿನವಿಡೀ ಹಂಚಿಕೊಳ್ಳಬೇಕು. ನೀರನ್ನು ಊಟದ ಜೊತೆ ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಡಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಒಂದೂವರೆ ಲೀಟರ್ ಆದರೂ ಒಳಗೆ ಹೋಗಬೇಕು.

ಇಷ್ಟು ಮಾಡಿದ ಮೇಲೂ ದಿನಾ ವಾಂತಿ ಆಗುತ್ತಿದ್ದರೆ ಸುಮ್ನೆ ಕೂರಬೇಡಿ. ಕೊಳವೆ ಎಲ್ಲಾದರೂ ಕಿರಿದಾಗಿರಬಹುದು, ಅದನ್ನು ನೋಡಬೇಕು. ಇನ್ನೊಂದು ಅಪಾಯವೂ ಇದೆ. ಥಯಾಮಿನ್ ಅನ್ನುವ ಬಿ1 ವಿಟಮಿನ್ ನಮ್ಮ ದೇಹದಲ್ಲಿ ಕೆಲವೇ ವಾರಕ್ಕೆ ಆಗುವಷ್ಟು ಇರುತ್ತದೆ. ವಾಂತಿ ನಿಲ್ಲದೇ ಹೋದರೆ ಅದು ಖಾಲಿಯಾಗಿ ಎಲ್ಲವೂ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ ಶುರುವಾಗಬಹುದು. ಯಾವುದೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೂ "ನನಗೆ ತೂಕ ಇಳಿಸುವ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ" ಅಂತ ಮೊದಲೇ ಹೇಳಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಪರಿಸ್ಥಿತಿ ಕೆಡಬಹುದು. ಕುಡಿದ ನೀರೂ ನಿಲ್ಲುತ್ತಿಲ್ಲ ಅಂದರೆ ಅವತ್ತೇ ಹೊರಡಿ.

ಅವರದೇ ಮರುಪ್ರಶ್ನೆ: ನೀವು ಹೇಳಿದ್ದು ನಿಜ ಮೇಡಂ. ಕೆಲಸದ ಜಾಗದಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿ ಏಳ್ತೀನಿ. ಬೇರೆ ದಾರಿ ಇಲ್ಲ.

ಉತ್ತರ: ಹಾಗಾದರೆ ಊಟವನ್ನೇ ಎರಡಾಗಿ ಒಡೆಯಿರಿ. ಹತ್ತು ನಿಮಿಷದಲ್ಲಿ ನಿಧಾನವಾಗಿ ಎಷ್ಟು ಆಗುತ್ತದೋ ಅಷ್ಟೇ ಡಬ್ಬಿಗೆ ಹಾಕಿಕೊಳ್ಳಿ. ಉಳಿದದ್ದು ಎರಡು ಗಂಟೆ ಬಿಟ್ಟು ಇನ್ನೊಂದು ಬಿಡುವಿನಲ್ಲಿ. ದೊಡ್ಡ ಡಬ್ಬಿ ತುಂಬಾ ತಂದರೆ ಮುಗಿಸಬೇಕು ಅನ್ನಿಸಿಯೇ ಅನ್ನಿಸುತ್ತದೆ. ನಿಮ್ಮ ಮೇಲಿನವರಿಗೆ "ಹೊಟ್ಟೆಯ ಆಪರೇಷನ್ ಆಗಿದೆ, ಆಗಾಗ ಸ್ವಲ್ಪ ತಿನ್ನಬೇಕು" ಅಂದರೆ ಸಾಕು. ಯಾವ ಆಪರೇಷನ್ ಅಂತ ಹೇಳಲೇಬೇಕು ಅಂತೇನೂ ಇಲ್ಲ.

ಪ್ರಶ್ನೆ: ಹೊಟ್ಟೆಯ ಬೈಪಾಸ್ ಸರ್ಜರಿ ಆಗಿ ಒಂದೂವರೆ ವರ್ಷ. ಸಿಹಿ ತಿಂದ ಕೂಡಲೇ ಎದೆ ಡವಡವ, ಹೊಟ್ಟೆ ಹಿಂಡೋದು ಮೊದಲಿಂದಲೂ ಇತ್ತು. ಈಗ ಹೊಸದಾಗಿ ಊಟವಾಗಿ ಎರಡು ಗಂಟೆಗೆ ಬೆವರು, ಕೈ ನಡುಕ, ತಲೆ ಮಂಕು. ಎರಡೂ ಒಂದೇನಾ?

ಉತ್ತರ: ಎರಡಕ್ಕೂ ಡಂಪಿಂಗ್ ಅಂತಲೇ ಹೆಸರು. ಆದರೆ ಒಳಗೆ ನಡೆಯುವುದು ಬೇರೆ ಬೇರೆ. ಮೊದಲನೆಯದು ತಿಂದ 10ರಿಂದ 30 ನಿಮಿಷದಲ್ಲಿ ಬರುತ್ತದೆ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ, ಹಾಗಾಗಿ ಸಿಹಿ ಸೀದಾ ಸಣ್ಣ ಕರುಳಿಗೆ ಇಳಿದು ಅಲ್ಲಿಗೆ ನೀರು ಎಳೆದುಕೊಳ್ಳುತ್ತದೆ. ಸ್ವಲ್ಪ ಮಲಗಿದರೆ ಕಮ್ಮಿಯಾಗುತ್ತದೆ.

ಎರಡನೆಯದು ಒಂದರಿಂದ ಮೂರು ಗಂಟೆ ಆದ ಮೇಲೆ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಸೇರಿದಾಗ ದೇಹ ಬೇಕಾದ್ದಕ್ಕಿಂತ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಆಮೇಲೆ ಶುಗರ್ ಕುಸಿಯುತ್ತದೆ. ಬೈಪಾಸ್ ಆಗಿ ವರ್ಷ ಕಳೆದ ಮೇಲೆ ಇದು ಶುರುವಾಗುವುದು ಹೊಸದೇನಲ್ಲ. ಆ ಹೊತ್ತಿನಲ್ಲೇ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಡಿ, ಡಾಕ್ಟರಿಗೆ ಆ ಸಂಖ್ಯೆ ತುಂಬಾ ಉಪಯೋಗಕ್ಕೆ ಬರುತ್ತದೆ. ಶುಗರ್ ಇಳಿದಿದ್ದರೆ ಸ್ವಲ್ಪವೇ ಹಣ್ಣಿನ ರಸ ಅಥವಾ ಗ್ಲೂಕೋಸ್ ತಗೊಳ್ಳಿ. ಅದರ ಹಿಂದೆಯೇ ಏನಾದರೂ ಪ್ರೋಟೀನ್ ತಿನ್ನಬೇಕು. ನಡುಕಕ್ಕೆ ಹೆದರಿ ಸಿಹಿಯನ್ನೇ ಮತ್ತೆ ಮತ್ತೆ ತಿನ್ನುವವರು ದಿನವಿಡೀ ಏರಿಳಿತದಲ್ಲೇ ಸಿಕ್ಕಿಕೊಳ್ಳುತ್ತಾರೆ. ಗಾಡಿ ಓಡಿಸುವಾಗ ಹೀಗಾದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ. ಇನ್ನೂ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ನಾಲ್ಕನೇ ತಿಂಗಳು. ತಲೆಕೂದಲು ಕೈತುಂಬಾ ಬರ್ತಿದೆ ಮೇಡಂ. ಬೋಳಾಗಿಬಿಡ್ತೀನಾ?

ಉತ್ತರ: ಇಲ್ಲಮ್ಮ. ಸರ್ಜರಿ ಮತ್ತು ವೇಗವಾಗಿ ಇಳಿದ ತೂಕದ ಪೆಟ್ಟಿಗೆ ಕೂದಲು ಒಟ್ಟಿಗೆ ಉದುರುತ್ತಿದೆ. ಮೂರರಿಂದ ಆರನೇ ತಿಂಗಳಲ್ಲಿ ಇದು ಜಾಸ್ತಿ. ಬೇರು ಸತ್ತಿರುವುದಿಲ್ಲ, ಮತ್ತೆ ಬರುತ್ತದೆ. ಪ್ರೋಟೀನ್ ಸರಿಯಾಗಿ ತಿನ್ನಿ. ವರ್ಷ ಹತ್ತಿರ ಬಂದರೂ ಉದುರುತ್ತಲೇ ಇದ್ದರೆ ಕಬ್ಬಿಣ, ಜಿಂಕ್, ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಎರಡು ವರ್ಷದಿಂದ ಬ್ಲಡ್ ರಿಪೋರ್ಟ್ ಎಲ್ಲ ನಾರ್ಮಲ್. ಇನ್ನೂ ವಿಟಮಿನ್ ಮಾತ್ರೆ ನುಂಗಬೇಕಾ? ಬಿಟ್ಟು ಮೂರು ತಿಂಗಳಾಯ್ತು, ಏನೂ ಆಗಿಲ್ಲ.

ಉತ್ತರ: ರಿಪೋರ್ಟ್ ನಾರ್ಮಲ್ ಇದ್ದದ್ದೇ ಮಾತ್ರೆಯಿಂದ. ದಯವಿಟ್ಟು ಇವತ್ತೇ ಮತ್ತೆ ಶುರು ಮಾಡಿ. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಶೇಖರವಾಗಿರುತ್ತದೆ. ಹಾಗಾಗಿ ಕೊರತೆ ಆದರೂ ಬೇಗ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಪಾದ ಜೋಮು ಹಿಡಿದು ನರಕ್ಕೆ ಏಟು ಬಿದ್ದಿರಬಹುದು, ಅದು ಪೂರ್ತಿ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ಈ ಮಾತ್ರೆಗಳು ಜೀವನಪರ್ಯಂತ ಬೇಕು.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ. ನಡುವೆ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಕಬ್ಬಿಣದ ಹಿಂದೆಮುಂದೆ ಕಾಫಿ ಟೀ ಬೇಡ. ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಬಗೆಯದ್ದೇ ಕೇಳಿ, ಹೊಟ್ಟೆಯ ಆಮ್ಲ ಕಮ್ಮಿ ಇದ್ದರೂ ದೇಹ ಅದನ್ನು ಹೀರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ ಸರ್ಜರಿ ಆಗಿ ನಾಲ್ಕು ತಿಂಗಳು. ನಮ್ಮ ಜೊತೆ ಊಟಕ್ಕೆ ಕೂರೋದನ್ನೇ ಬಿಟ್ಟಿದ್ದಾಳೆ. ಅಡುಗೆ ಮಾಡಿಟ್ಟು ರೂಮಿಗೆ ಹೋಗ್ತಾಳೆ. ನಾವು ಯಾರೂ ಏನೂ ಅಂದಿಲ್ಲ. ನಮ್ಮಮ್ಮ ಮಾತ್ರ ಪ್ರೀತಿಯಿಂದ "ಇಷ್ಟೇನಾ ತಿನ್ನೋದು, ಇನ್ನೊಂಚೂರು ಹಾಕ್ಕೋ" ಅಂತಿರ್ತಾರೆ.

ಉತ್ತರ: ಸರ್, ಇದನ್ನು ಗಮನಿಸಿ ಕೇಳಿದ್ದೀರಲ್ಲ, ಅದಕ್ಕೇ ಖುಷಿಯಾಯಿತು.

ಅವರ ಜಾಗದಲ್ಲಿ ಕೂತು ನೋಡಿ. ತಟ್ಟೆಯಲ್ಲಿ ಮೂರು ಚಮಚದಷ್ಟು ಊಟ. ಎಲ್ಲರ ಕಣ್ಣೂ ಅಲ್ಲೇ. ಒಬ್ಬರು ಜಾಸ್ತಿ ತಿನ್ನು ಅಂತಾರೆ, ಇನ್ನೊಬ್ಬರು ಇದನ್ನ ತಿನ್ನಬಹುದಾ ಅಂತ ಕೇಳ್ತಾರೆ. ಸಿಕ್ಕಿಕೊಂಡರೆ ಎಲ್ಲರ ಮುಂದೆ ಎದ್ದು ಓಡಬೇಕು. ಮೊದಲು ದಪ್ಪ ಇದ್ದಾಗಲೂ ಅವರ ತಟ್ಟೆಯನ್ನು ಜನ ನೋಡುತ್ತಿದ್ದರು, ಈಗಲೂ ನೋಡುತ್ತಿದ್ದಾರೆ. ರೂಮಿಗೆ ಹೋಗುವುದೇ ವಾಸಿ ಅನ್ನಿಸುತ್ತದೆ.

ಅಮ್ಮನ ಹತ್ತಿರ ನೀವೇ ಮಾತಾಡಿ, ಸೊಸೆ ಬಾಯಲ್ಲಿ ಆ ಮಾತು ಬರುವುದು ಬೇಡ. ಒಂದು ತುತ್ತು ಜಾಸ್ತಿ ಆದರೆ ಅವಳಿಗೆ ನಿಜವಾಗಲೂ ನೋವಾಗುತ್ತದೆ ಅಂತ ಬಿಡಿಸಿ ಹೇಳಿ. ಬಡಿಸುವುದನ್ನು ಅವರವರಿಗೇ ಬಿಡಿ. ಊಟದ ಹೊತ್ತಿನಲ್ಲಿ ಊಟದ ಮಾತು, ತೂಕದ ಮಾತು ಎರಡೂ ಬೇಡ, ಮಕ್ಕಳ ಮಾತು, ಕೆಲಸದ ಮಾತು ನಡೆಯಲಿ. ಅವರು ಬೇಗ ಮುಗಿಸಿದರೂ ಸುಮ್ನೆ ಜೊತೆಗೆ ಕೂರಬಹುದು. ನಡುವೆ ಎದ್ದು ಹೋದರೆ ಹಿಂದೆಯೇ "ಏನಾಯ್ತು" ಅಂತ ಓಡಬೇಡಿ, ಎರಡು ನಿಮಿಷ ಬಿಟ್ಟು ಹೋಗಿ.

ಇನ್ನೊಂದು ವಿಷಯ. ತಾವು ತಿನ್ನಲಾಗದ ಅಡುಗೆಯನ್ನು ಮೂರು ಹೊತ್ತೂ ಬೇರೆಯವರಿಗಾಗಿ ಮಾಡುವುದು ಅವರಿಗೆ ಮೊದಲ ತಿಂಗಳುಗಳಲ್ಲಿ ಬಹಳ ಕಷ್ಟ. ವಾಸನೆಗೇ ಹೊಟ್ಟೆ ತೊಳಸುತ್ತದೆ. ಸ್ವಲ್ಪ ದಿನ ಅಡುಗೆಮನೆ ನೀವು ನೋಡಿಕೊಳ್ಳಿ. ನಾನು ಹೇಳುವ ಎಲ್ಲ ಸಲಹೆಗಿಂತ ಅದರಿಂದ ಜಾಸ್ತಿ ಉಪಕಾರವಾಗುತ್ತದೆ.

ಪ್ರಶ್ನೆ: ಹೊಟ್ಟೆ ಹಸಿಯೋದೇ ಇಲ್ಲ, ಆದ್ರೂ ರಾತ್ರಿ ಏನಾದ್ರೂ ಬೇಕು ಅನ್ನಿಸುತ್ತೆ. ಸರ್ಜರಿ ಆದ್ಮೇಲೂ ಹೀಗಾ? ನನಗೇ ನಾಚಿಕೆ.

ಉತ್ತರ: ನಾಚಿಕೆ ಯಾಕೆ? ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಬಹುಪಾಲು ಬರುವುದು ಸ್ಲೀವ್‌ನಲ್ಲಿ ತೆಗೆಯುವ ಭಾಗದಿಂದಲೇ. ಅದಕ್ಕೇ ಹೊಟ್ಟೆ ಸುಮ್ಮನಿದೆ. ಮನಸ್ಸಿಗೆ ಯಾರೂ ಆಪರೇಷನ್ ಮಾಡಿಲ್ಲವಲ್ಲ. ಬೇಜಾರಿಗೆ, ಸುಸ್ತಿಗೆ, ಒಂಟಿತನಕ್ಕೆ ಇಷ್ಟು ವರ್ಷ ತಿಂಡಿಯೇ ಜೊತೆಗಿತ್ತು. ಅದು ಹೋದ ಜಾಗ ಖಾಲಿ ಬಿದ್ದಿದೆ.

ಬೇಕು ಅನ್ನಿಸಿದಾಗ ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ತಿಂತೀನಾ ಅಂತ ಕೇಳಿಕೊಳ್ಳಿ. ಹೂಂ ಅಂದರೆ ನಿಜವಾದ ಹಸಿವು, ತಿನ್ನಿ. ಬೇಡ, ಕರಿದದ್ದೇ ಬೇಕು ಅಂದರೆ ಅವತ್ತು ಏನು ನಡೆಯಿತು ಅಂತ ಯೋಚಿಸಿ. ಪದೇ ಪದೇ ಆದರೆ ಕೌನ್ಸೆಲರ್ ಹತ್ತಿರ ಹೋಗಿ, ಇದೂ ಚಿಕಿತ್ಸೆಯ ಭಾಗವೇ.

ಕುಡಿತದ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಸರ್ಜರಿ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ನಶೆ ಹೆಚ್ಚಾಗುತ್ತದೆ. ತಿಂಡಿಯ ಜಾಗಕ್ಕೆ ಮದ್ಯ ಬಂದು ಕೂತವರಿದ್ದಾರೆ, ಅದೂ ಹೆಚ್ಚಾಗಿ ಎರಡನೇ ವರ್ಷದಿಂದ ಈಚೆಗೆ. ಮೊದಲು ಆ ಚಟವೇ ಇಲ್ಲದವರಿಗೂ ಹೀಗಾಗಿದೆ. ದೂರವೇ ಇರಿ.

ಪ್ರಶ್ನೆ: ತುಂಬಾ ತೂಕ ಇಳಿದಿದೆ. ಎಲ್ಲರೂ ಹೊಗಳ್ತಾರೆ. ನನಗೆ ಮಾತ್ರ ಕನ್ನಡಿಯಲ್ಲಿ ಹಳೆಯವನೇ ಕಾಣ್ತಾನೆ. ಚರ್ಮ ಜೋತು ಬಿದ್ದಿದೆ. ಖುಷಿ ಆಗಬೇಕಿತ್ತು, ಆಗ್ತಿಲ್ಲ.

ಉತ್ತರ: ಇದನ್ನು ಹೊರಗೆ ಹೇಳಿದ್ದು ಒಳ್ಳೆಯದಾಯಿತು, ಒಳಗೇ ಇಟ್ಟುಕೊಂಡವರು ಬಹಳ ಜನ. ತೂಕ ಇಳಿದವರು ಎರಡು ಕುರ್ಚಿ ನಡುವೆ ಈಗಲೂ ಪಕ್ಕಕ್ಕೆ ತಿರುಗಿಯೇ ದಾಟುತ್ತಾರೆ, ಅಂಗಡಿಯಲ್ಲಿ ಕೈ ಹಳೇ ಸೈಜಿನ ಅಂಗಿಗೇ ಹೋಗುತ್ತದೆ. ದೇಹ ಬದಲಾದ ವೇಗಕ್ಕೆ ಮನಸ್ಸು ಬಂದಿರುವುದಿಲ್ಲ. ಸರಿಯಾದ ಅಳತೆಯ ಒಂದೆರಡು ಬಟ್ಟೆ ತೆಗೆದುಕೊಳ್ಳಿ, ದೊಗಲೆ ಬಟ್ಟೆಯಲ್ಲಿ ಹಳೇ ಆಕಾರವೇ ಕಾಣುತ್ತದೆ. ತಿಂಗಳಿಗೊಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಜೋತು ಬಿದ್ದ ಚರ್ಮಕ್ಕೆ ಆಪರೇಷನ್ ಬೇಕೆಂದರೆ ತೂಕ ಒಂದೇ ಮಟ್ಟದಲ್ಲಿ ಕೆಲವು ತಿಂಗಳು ನಿಲ್ಲುವವರೆಗೆ ಕಾಯುವುದು ಒಳ್ಳೆಯದು. ಅಲ್ಲಿಯವರೆಗೆ ಚರ್ಮದ ಮಡಿಕೆಗಳನ್ನು ಒಣಗಿಸಿ ಇಟ್ಟುಕೊಳ್ಳಿ, ಹುಣ್ಣಾದರೆ ತೋರಿಸಿ.

ಖುಷಿಯೇ ಆಗುತ್ತಿಲ್ಲ ಅನ್ನುವುದು ವಾರಗಟ್ಟಲೆ ಮುಂದುವರಿದರೆ, ನಿದ್ದೆ ಕೆಟ್ಟರೆ, ಮನೋವೈದ್ಯರನ್ನು ನೋಡಿ. ಮಾನಸಿಕ ಔಷಧಿ ಮೊದಲಿಂದ ಇದ್ದರೆ ನೀವೇ ನಿಲ್ಲಿಸಬೇಡಿ. ಸರ್ಜರಿ ಆದ ಮೇಲೆ ದೇಹ ಅದನ್ನು ಹೀರಿಕೊಳ್ಳುವ ಪ್ರಮಾಣ ಬದಲಾಗಿರಬಹುದು, ಡೋಸ್ ನೋಡಬೇಕಾಗುತ್ತದೆ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಈ ಸರ್ಜರಿ ಆದ ಕೆಲವರಲ್ಲಿ ಆ ಯೋಚನೆ ಬರುತ್ತದೆ ಅಂತ ನಮಗೆ ಗೊತ್ತು. ನಿಮ್ಮನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಮಗು ಬೇಕು ಅಂತಿದ್ದೇವೆ. ಸರ್ಜರಿ ಆಗಿ ಐದು ತಿಂಗಳು.

ಉತ್ತರ: 12ರಿಂದ 18 ತಿಂಗಳು ಆಗುವವರೆಗೆ ಕಾಯಿರಿ. ತೂಕ ಇಳಿದ ಹಾಗೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಾಗುತ್ತದೆ, ಅದೂ ನೀವು ಅಂದುಕೊಂಡದ್ದಕ್ಕಿಂತ ಬೇಗ. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವ ಹಾಗಿಲ್ಲ, ಬೇರೆ ವಿಧಾನದ ಬಗ್ಗೆ ಸ್ತ್ರೀರೋಗ ತಜ್ಞರನ್ನು ಈಗಲೇ ಕೇಳಿ.

ಪ್ರಶ್ನೆ: ಬೈಪಾಸ್ ಆದವನು. ಮಂಡಿನೋವಿಗೆ ಹಳೇ ಮಾತ್ರೆ ಐಬುಪ್ರೊಫೆನ್ ಮನೇಲಿದೆ. ಒಂದೆರಡು ತಗೋಬಹುದಾ?

ಉತ್ತರ: ಬೇಡ ಸರ್. ಬೈಪಾಸ್‌ನಲ್ಲಿ ಹೊಟ್ಟೆ ಮತ್ತು ಕರುಳು ಸೇರುವ ಜಾಗದಲ್ಲಿ ಇದರಿಂದ ಹುಣ್ಣಾಗಿ ರಕ್ತ ಬರಬಹುದು. ಡೈಕ್ಲೋಫೆನಾಕ್ ಕೂಡ ಇದೇ ಗುಂಪಿನದು. ಬೀಡಿ ಸಿಗರೇಟಿನಿಂದಲೂ ಅಲ್ಲೇ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ನಿಮಗೆ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ ತಗೊಳ್ಳಿ. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾದರೆ, ಹೊಟ್ಟೆ ಬಿಟ್ಟು ಬಿಟ್ಟು ಜೋರಾಗಿ ಹಿಂಡಿದರೆ ಮನೆಯಲ್ಲಿ ಮಾತ್ರೆ ಹುಡುಕದೆ ಸೀದಾ ಆಸ್ಪತ್ರೆಗೆ ಹೋಗಿ.