ಆರ್ಮಿಗೆ ಹೋದ್ರೆ ಕ್ರಿಕೆಟ್ ಬಿಡ್ಲೇಬೇಕಾ?

ಪ್ರಶ್ನೆ (ದಾವಣಗೆರೆ ಹುಡುಗ):
ನಮ್ ತಮ್ಮ ಹೈಸ್ಕೂಲ್ ಮೈದಾನದಲ್ಲಿ ಆಡ್ಕೊಂಡೇ ಬೆಳೆದವ್ನು, ಈಗ ಸಿಡಿಎಸ್ (ಸೇನೆಲಿ ಆಫೀಸರ್ ಆಗೋಕೆ ಬರೆಯೋ ಪರೀಕ್ಷೆ) ಪಾಸಾಗಿ ಟ್ರೈನಿಂಗಿಗೆ ಹೊರಟಿದಾನೆ, ಆದ್ರೆ ಬ್ಯಾಟ್ ಬಿಡ್ಬೇಕಲ್ಲಾ ಅಂತ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಆಫೀಸರ್ ಆಗಿ ಕ್ರಿಕೆಟ್ ಆಡಿದವ್ರು ಯಾರಾದ್ರೂ ಇದಾರಾ?

ಕೋಟೆನಾಡು:
ಹೇಮು ಅಧಿಕಾರಿ ಬಗ್ಗೆ ಹೇಳ್ರಿ ಅವನಿಗೆ. ಲೆಫ್ಟಿನೆಂಟ್ ಕರ್ನಲ್, 21 ಟೆಸ್ಟ್ ಆಡಿದಾರೆ. 1952ರಲ್ಲಿ ದೆಹಲಿ ಟೆಸ್ಟಲ್ಲಿ ಪಾಕಿಸ್ತಾನದ ಮೇಲೆ ಗುಲಾಂ ಅಹ್ಮದ್ ಜೊತೆ ಕೊನೇ ವಿಕೆಟ್ಟಿಗೆ 109 ರನ್, ಇವ್ರದ್ದು ಔಟಾಗದೆ 81! 1959ರಲ್ಲಿ ವೆಸ್ಟ್ ಇಂಡೀಸ್ ಸೀರೀಸಲ್ಲಿ ಮೂರು ಜನ ಕ್ಯಾಪ್ಟನ್ ಬದಲಾದ ಮೇಲೆ ಕೊನೇ ಟೆಸ್ಟಿಗೆ ಇವ್ರನ್ನ ಕರೆದ್ರು, ಆಗ ವಯಸ್ಸು 39, ಆದ್ರೂ 63 ಮತ್ತೆ 40 ಹೊಡೆದು ಮೂರು ವಿಕೆಟ್ಟೂ ತಗೊಂಡ್ರು.

ಮಂಡಕ್ಕಿ ಮಿರ್ಚಿ:
1971ರ ಇಂಗ್ಲೆಂಡ್ ಟೂರಿಗೆ ಮ್ಯಾನೇಜರ್ ಅವ್ರೇ ಅಣ್ಣ. ಓವಲ್‌ನಲ್ಲಿ ನಮ್ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಗೆಲ್ಸಿದ್ದು ಅದೇ ಟೂರಲ್ಲಿ. ಸೇನೆಯವ್ರದ್ದೇ ಆದ ಸರ್ವೀಸಸ್ ಟೀಮ್ ಈಗ್ಲೂ ರಣಜಿ ಆಡುತ್ತೆ, ಬ್ಯಾಟ್ ಪ್ಯಾಕ್ ಮಾಡಕ್ಕೆ ಹೇಳಿ.

ದಾವಣಗೆರೆ ಹುಡುಗ:
ಓದಿ ಹೇಳ್ದೆ ಅಣ್ಣ, ಎದ್ದು ಬ್ಯಾಟಿಗೆ ಹೊಸ ಗ್ರಿಪ್ ಹಾಕ್ಸಕ್ಕೆ ಹೋದ.