ಪಾರ್ಕಿನ್ಸನ್ ಮಾತ್ರೆಯ ಟೈಮ್ ತಾನಾಗೇ ಬದಲಾಗುತ್ತಿದೆ, ಯಾರಿಗಾದರೂ ಗೊತ್ತಾ?

ಉಡುಪಿ_ನರ್ಸ್: ಕೆನಡಾದ ಒಂಟಾರಿಯೋದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಲಾಂಗ್ ಟರ್ಮ್ ಕೇರ್ ಹೋಮ್‌ನಲ್ಲಿ ಕೆಲಸ. ಕಾಗದ, ಫ್ಯಾಕ್ಸ್ ನಿಲ್ಲಿಸಿ ಡಾಕ್ಟರ್ ಆರ್ಡರ್ ಎಲ್ಲ ಕಂಪ್ಯೂಟರಿಗೆ ತಂದರು. ಆಮೇಲೆ ಒಬ್ಬ ಅಜ್ಜಿಯ ಪಾರ್ಕಿನ್ಸನ್ ಮಾತ್ರೆ ಲೆವೊಡೋಪಾದ ಟೈಮ್ ನಿಲ್ಲುತ್ತಲೇ ಇಲ್ಲ. 6, 10, 14, 18 ಗಂಟೆ ಅಂತ ಸರಿ ಮಾಡಿ ಸೇವ್ ಮಾಡುತ್ತೇನೆ, ಬೆಳಿಗ್ಗೆ ನೋಡಿದರೆ ಮತ್ತೆ 8, 12, 17, 21! ಅಜ್ಜಿ ಕೈಕಾಲು ಸೆಟೆದುಕೊಂಡು ಚಮಚ ಹಿಡಿಯೋಕೂ ಆಗದೆ ಕೂತಿರುತ್ತಾರೆ, ನೋಡೋಕಾಗಲ್ಲ. ದಯವಿಟ್ಟು ಬೇಗ ಹೇಳಿ.

ಕಾರ್ಟ್_ಕಿಟ್ಟಿ: ವೈಫೈ. ಕಾರಿಡಾರಿನ ಕೊನೆಯಲ್ಲಿ ಸಿಗ್ನಲ್ ಬಿದ್ದರೆ ಟ್ಯಾಬ್ಲೆಟ್ ಕಂಪ್ಯೂಟರ್ ಹಳೇ ಪಟ್ಟಿಯನ್ನೇ ತೋರಿಸುತ್ತದೆ. ಲಾಗೌಟ್ ಮಾಡಿ ನೋಡಿ.

ಉಡುಪಿ_ನರ್ಸ್: ಡೆಸ್ಕಿನ ಕಂಪ್ಯೂಟರಿನಲ್ಲೂ ಅದೇ ಟೈಮ್ ಇದೆ.

ಕಾರ್ಟ್_ಕಿಟ್ಟಿ: ಆದರೂ ಸಿಂಕ್ ಸಮಸ್ಯೆಯೇ. ನಮ್ಮಲ್ಲಿ ಹೊಸ ರೂಟರ್ ಹಾಕಿಸಿದ ಮೇಲೆ ಎಲ್ಲ ಸರಿಹೋಯಿತು.

ಮೈಸೂರಕ್ಕ: ಸದ್ಯಕ್ಕೆ ಪಕ್ಕದಲ್ಲಿ ಕಾಗದದ ಚಾರ್ಟ್ ಇಟ್ಟುಕೊಳ್ಳಿ.

ಲೀಡ್ಸ್_ಕನ್ನಡಿಗ: ಬೇಡ ಅಕ್ಕಾ! ಒಬ್ಬರು ಚಾರ್ಟ್ ನೋಡಿ ಕೊಡುತ್ತಾರೆ, ಇನ್ನೊಬ್ಬರು ಸ್ಕ್ರೀನ್ ನೋಡಿ ಮತ್ತೆ ಕೊಡುತ್ತಾರೆ. ಅಂದಹಾಗೆ ಇದು ಸಣ್ಣ ವಿಷಯ ಅಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆ 2018ರಲ್ಲೇ ಹೇಳಿದೆ, ಕೇರ್ ಹೋಮ್‌ನಲ್ಲೂ ಲೆವೊಡೋಪಾ ಬರೆದ ಹೊತ್ತಿನ 30 ನಿಮಿಷದೊಳಗೆ ಸಿಗಬೇಕು ಅಂತ.

ಮೈಸೂರಕ್ಕ: ಸಿಸ್ಟಮ್ ಬಿದ್ದಾಗ ಏನು ನೋಡಿ ಕೊಡುತ್ತೀರಪ್ಪಾ? ನಮ್ಮಲ್ಲಿ ಪ್ರತಿ ಶಿಫ್ಟಿಗೂ ಪ್ರಿಂಟ್ ತೆಗೆದಿಡುತ್ತೇವೆ.

ಫಾರ್ಮಸಿ_ಹುಬ್ಬಳ್ಳಿ: ಆ ಜಗಳ ಆಮೇಲೆ. ಡಾಕ್ಟರ್ ಆರ್ಡರ್ ಹೇಗೆ ಹಾಕಿದ್ದಾರೆ ರೀ?

ಉಡುಪಿ_ನರ್ಸ್: ದಿನಕ್ಕೆ ನಾಲ್ಕು ಸಲ ಅಂತ. ಯಾವಾಗಲೂ ಹಾಗೇ ಬರೆಯುವುದು ಅಲ್ವಾ?

ಫಾರ್ಮಸಿ_ಹುಬ್ಬಳ್ಳಿ: ಅದೇ ಕಾರಣ. ಕಾಗದದಲ್ಲಿ "ನಾಲ್ಕು ಸಲ" ಇದ್ದರೂ ಗಂಟೆ ಬರೆಯುತ್ತಿದ್ದವರು ನೀವು. ಈಗ ಕಂಪ್ಯೂಟರಿನಲ್ಲಿ "ನಾಲ್ಕು ಸಲ" ಅನ್ನೋ ಕೋಡಿಗೆ ನಿಮ್ಮ ಹೋಮ್‌ನ ಮಾಮೂಲಿ ಮಾತ್ರೆ ಸುತ್ತಿನ ಟೈಮ್ ಸೇರಿಸಿಟ್ಟಿರುತ್ತಾರೆ. ನೀವು ತಿದ್ದುವುದು ಕೊಡುವ ಪಟ್ಟಿಯಲ್ಲಿ ಮಾತ್ರ, ಫಾರ್ಮಸಿಯಿಂದ ಆರ್ಡರ್ ಮತ್ತೆ ಬಂದಾಗ ಅದು ಅಳಿಸಿಹೋಗುತ್ತದೆ. ಡಾಕ್ಟರ್ ಹತ್ತಿರ ಗಂಟೆ ಸಮೇತ ಹೊಸ ಆರ್ಡರ್ ಹಾಕಿಸಿ. ಹಳೆಯದನ್ನು ಪೂರ್ತಿ ನಿಲ್ಲಿಸಬೇಕು, ಸುಮ್ನೆ ಹೋಲ್ಡ್ ಮಾಡಿ ತಾತ್ಕಾಲಿಕವಾಗಿ ತಡೆದಿಡಬೇಡಿ, ಇಲ್ಲದಿದ್ದರೆ ಎರಡೂ ಸಾಲು ಪಟ್ಟಿಯಲ್ಲಿ ಉಳಿಯುತ್ತವೆ.

ಕಾರ್ಟ್_ಕಿಟ್ಟಿ: ರೂಟರ್ ಕೂಡ ಒಮ್ಮೆ ನೋಡಿಸಿ.

ಉಡುಪಿ_ನರ್ಸ್: ಹೊಸ ಆರ್ಡರ್ ಬಿತ್ತು, ಇವತ್ತು ಟೈಮ್ ನಿಂತಿದೆ! ಆದರೆ ಫಾರ್ಮಸಿಯಿಂದ ಬರುವ ಮಾತ್ರೆ ಪೌಚ್ ಮೇಲೆ ಇನ್ನೂ 8 ಗಂಟೆ ಅಂತಲೇ ಪ್ರಿಂಟ್ ಇದೆ, ಲೆವೊಡೋಪಾ ಬೇರೆ ಬೆಳಗಿನ ಮಾತ್ರೆಗಳ ಜೊತೆಗೇ ಬಂದಿದೆ. ಇದನ್ನು ವಾಪಸ್ ಕಳಿಸಬೇಕಾ ಸರ್?