ವಾಕಿಂಗ್ ಶುರು ಮಾಡಿ ಬಿಟ್ಟಿದ್ದು ಇದು ಆರನೇ ಸಲ. ನಿಜವಾಗ್ಲೂ ಸೋಮಾರಿತನಾನಾ?

ಬೆಣ್ಣೆದೋಸೆ_41
ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವಳು, ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 41. ನಾಲ್ಕು ವರ್ಷದಲ್ಲಿ ಆರು ಸಲ ವಾಕಿಂಗ್ ಶುರು ಮಾಡಿದೀನಿ, ಆರು ಸಲಾನೂ ಬಿಟ್ಟಿದೀನಿ. ಮಧ್ಯದಲ್ಲಿ ಒಂದ್ಸಲ ಜುಂಬಾ ಕ್ಲಾಸಿಗೆ ಮೂರು ತಿಂಗಳ ಫೀಸ್ ಕಟ್ಟಿ ಹನ್ನೊಂದು ದಿನ ಹೋದೆ. ನಮ್ಮೆಜಮಾನ್ರು ಒಂಬತ್ತು ವರ್ಷದಿಂದ ಬೆಳಗ್ಗೆ ಆರಕ್ಕೆ ಹೊರಟು ಏಳಕ್ಕೆ ಬರ್ತಾರೆ, ಜೋರು ಮಳೆ ಇದ್ದ ದಿನ ಬಿಟ್ರೆ ತಪ್ಪಿಸಿದ್ದೇ ಇಲ್ಲ. ನಿನ್ನೆ ಊಟ ಮಾಡ್ತಾ "ನಿಂಗೆ ಮನಸ್ಸಿಲ್ಲ ಅಷ್ಟೇ, ಮನಸ್ಸಿದ್ರೆ ಮಾರ್ಗ" ಅಂದ್ರು. ಬೈದು ಹೇಳಿದ್ದಲ್ಲ, ಸಹಜವಾಗೇ ಅಂದ್ರು, ಆದ್ರೆ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ.

ಹೋದ ಸೋಮವಾರ ಆಗಿದ್ದು ಹೇಳ್ತೀನಿ. 5.15ಕ್ಕೆ ಎದ್ದು ಮುಖ ತೊಳ್ಕೊಂಡು ಹೊಸಲ ಹತ್ರ ಕೂತು ಒಂದು ಕಾಲಿಗೆ ಶೂ ಹಾಕಿ ಲೇಸ್ ಕಟ್ತಿದ್ದೆ, ಹಿತ್ತಲ ನಲ್ಲಿ ಗೊರಗೊರ ಅಂತ ಗಾಳಿ ಬಿಡೋ ಸದ್ದು ಕೇಳ್ತು. ನಮ್ಮ ಬೀದಿಗೆ ಮೂರು ದಿನಕ್ಕೊಂದ್ಸಲ ನೀರು, ಬರೋ ಹೊತ್ತು ಯಾರಿಗೂ ಗೊತ್ತಿರಲ್ಲ, ಬಂದ್ರೆ ಮುಕ್ಕಾಲು ಗಂಟೆ. ಒಂದು ಕಾಲಲ್ಲಿ ಶೂ ಇನ್ನೊಂದು ಬರಿಗಾಲು, ಹಂಗೇ ಓಡಿ ಡ್ರಮ್ಮಿಗೆ ಪೈಪ್ ಹಾಕಿದೆ. ಅದು ಮುಗಿಯೋದ್ರೊಳಗೆ ಅತ್ತೆಗೆ ಶುಗರ್ ಮಾತ್ರೆ, ಅದಾದ ಮೇಲೆ ತಿಂಡಿ, 6.30ಕ್ಕೆ ಮಗನ ಟ್ಯೂಷನ್, ಡಬ್ಬಿ. ಅವರು ವಾಕಿಂಗ್ ಮುಗಿಸಿ ಬಂದಾಗ ನಾನು ಒದ್ದೆಯಾದ ಆ ಒಂದು ಶೂ ಬಿಚ್ತಾ ಇದ್ದೆ.

ನಂಗೆ ಮನಸ್ಸಿಲ್ಲ ಅನ್ನೋದು ನಿಜಾನಾ? ನಿಮಗೂ ಹಿಂಗೇ ಆಗುತ್ತಾ? ಪ್ರಾಮಾಣಿಕವಾಗಿ ಹೇಳಿ.

ಮಲೆನಾಡ_ಓಟಗಾರ
ಮೇಡಂ ಬೇಜಾರಾಗ್ಬೇಡಿ, ನೇರವಾಗಿ ಹೇಳ್ತೀನಿ. ಕೆಲಸ ಯಾರಿಗಿಲ್ಲ? ನಾನು ಶಿವಮೊಗ್ಗದಲ್ಲಿ ಅಂಗಡಿ ನಡೆಸೋನು, ಬೆಳಗ್ಗೆ 4.30ಕ್ಕೆ ಎದ್ದು ಓಡ್ತೀನಿ. ದಿನಕ್ಕೆ ಅರ್ಧ ಗಂಟೆ ಯಾರಿಗಾದ್ರೂ ಸಿಗುತ್ತೆ, ಮೊಬೈಲ್ ನೋಡೋಕೆ ಸಿಗುತ್ತಲ್ಲ. ಇನ್ನು ನಮ್ಮಜ್ಜಿ ಯಾವ ಜಿಮ್ಮಿಗೂ ಹೋದೋರಲ್ಲ, ಬೀಸೋದು ಕುಟ್ಟೋದು ನೀರು ಸೇದೋದು ಅಷ್ಟರಲ್ಲೇ 88 ವರ್ಷ ಗಟ್ಟಿಯಾಗಿದ್ರು. ಈಗ ಮಿಕ್ಸಿ ವಾಷಿಂಗ್ ಮಷೀನ್ ಎಲ್ಲ ಬಂದಮೇಲೆ ಟೈಮಿಲ್ಲ ಅಂದ್ರೆ ಒಪ್ಕೊಳ್ಳೋದು ಕಷ್ಟ. ನಮ್ಮಮ್ಮ ಇದೇ ಮಾತು ಹೇಳ್ತಾ ಹೇಳ್ತಾ 50ಕ್ಕೆ ಶುಗರ್ ಬರಿಸ್ಕೊಂಡ್ರು, ಈಗ ಪಾದದಲ್ಲಿ ಸ್ಪರ್ಶಾನೇ ಇಲ್ಲ, ಬಿಸಿ ನೀರು ಬಿದ್ರೂ ಗೊತ್ತಾಗಲ್ಲ. ಅದಕ್ಕೇ ಹೇಳ್ತಿರೋದು, ಬೇರೇನಿಲ್ಲ.

ಅಕ್ಕಿರೊಟ್ಟಿ
ಸರ್, ಒಂದೇ ಪ್ರಶ್ನೆ. 4.30ಕ್ಕೆ ಏಳೋಕೆ ನೀವು ಎಷ್ಟೊತ್ತಿಗೆ ಮಲಗ್ತೀರಾ?

ಮಲೆನಾಡ_ಓಟಗಾರ
9.30. ಊಟ ಆದ ತಕ್ಷಣ.

ಅಕ್ಕಿರೊಟ್ಟಿ
ಅಲ್ಲೇ ಇದೆ ಸರ್ ವಿಷ್ಯ. ಆ 9.30ಕ್ಕೆ ನಿಮ್ಮನೇಲಿ ಇನ್ನೂ ಎದ್ದಿರೋದು ಯಾರು ಅಂತ ಇವತ್ತು ರಾತ್ರಿ ಒಂದ್ಸಲ ನೋಡಿ. ಹಾಲಿಗೆ ಹೆಪ್ಪು ಹಾಕೋದು, ದೋಸೆ ಹಿಟ್ಟು ರುಬ್ಬೋದು, ಸ್ಟೌ ಒರೆಸೋದು, ನಾಳೆಗೆ ಯೂನಿಫಾರ್ಮ್ ಇದೆಯಾ ನೋಡೋದು, ಬಾಗಿಲು ಗ್ಯಾಸ್ ಚೆಕ್ ಮಾಡೋದು, ಇಷ್ಟೆಲ್ಲ ಮುಗಿಸಿ 11ಕ್ಕೆ ಮಲಗಿದೋಳು 4.30ಕ್ಕೆ ಎದ್ರೆ ಅದು ಶಿಸ್ತಲ್ಲ, ನಿದ್ದೆಗೆಡೋದು.

ಸುಮ್ನೆ ಬಾಯಿಮಾತಿಗೆ ಹೇಳ್ತಿಲ್ಲ. ಕೇಂದ್ರ ಸರ್ಕಾರದ್ದೇ ಟೈಮ್ ಯೂಸ್ ಸರ್ವೆ ಇದೆ, 2024ರದ್ದು. ಸಂಬಳ ಇಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಆ 88 ಕೂಡ ಎಲ್ಲಾ ಗಂಡಸರ ಲೆಕ್ಕ ಅಲ್ಲ, ಮನೆಕೆಲಸಕ್ಕೆ ಕೈ ಹಾಕೋ ಗಂಡಸರ ಲೆಕ್ಕ ಮಾತ್ರ, ಅಂಥೋರು ನೂರಕ್ಕೆ 27 ಜನ. ಮಕ್ಕಳು ವಯಸ್ಸಾದವರನ್ನ ನೋಡ್ಕೊಳ್ಳೋದು ಇದರಲ್ಲಿ ಸೇರಿಲ್ಲ, ಅದು ಬೇರೆ. ಮೇಡಂ ಗಂಡ ಒಂಬತ್ತು ವರ್ಷ ತಪ್ಪಿಸದೆ ವಾಕ್ ಹೋಗಿದಾರೆ ಅಂದ್ರೆ ಆ ಒಂಬತ್ತು ವರ್ಷ ಆರರಿಂದ ಏಳರ ತನಕ ಮನೇನ ಹಿಡ್ಕೊಂಡಿದ್ದು ಮೇಡಮ್ಮೇ. ಅವರ ವಾಕಿಂಗಲ್ಲಿ ಇವರದ್ದೂ ಪಾಲಿದೆ.

ಧಾರವಾಡದಾಕಿ
ಅಕ್ಕಾ ನೀವು ಹೇಳಿದ್ದು ಖರೇ ಐತ್ರಿ, ಆದ್ರ ಟೈಮ್ ಸಿಕ್ಕ್ರೂ ಎಲ್ಲಿ ಹೋಗೂದು ಅನ್ನೂದು ಇನ್ನೊಂದು ತಾಪ. ನಸುಕಿನ್ಯಾಗ ಹೋದ್ರ ಬೀದಿದೀಪ ಇರೂದಿಲ್ಲ, ನಾಯಿ ಬೆನ್ನ ಹತ್ತತಾವು. ಸಂಜಿಮುಂದ ಹೋದ್ರ ಮೂಲ್ಯಾಗ ಬೈಕ್ ಮ್ಯಾಲೆ ಕುಂತ ಹುಡುಗೂರು ಹಾಡು ಹಚ್ಚತಾರ. ನಾ ಒಂದ ವರ್ಷ ಸಾಧನಕೇರಿಗೆ ಹೋಗ್ತಿದ್ದೆ, ಚೂಡಿದಾರದ ಮ್ಯಾಲೆ ಬೂಟ ಹಾಕ್ಕೊಂಡು. ಓಣ್ಯಾಗಿನ ಹಿರೇರು ಒಬ್ಬಾಕಿ ನಮ್ಮತ್ತಿಗೆ "ನಿಮ್ಮ ಸೊಸಿ ದಿನಾ ಎಲ್ಲಿಗೆ ಹೊಂಟಾಳ" ಅಂತ ಕೇಳಿದ್ರಂತ. ಅಷ್ಟ ಸಾಕಾತ್ರಿ. ನಮ್ಮತ್ತಿ ಏನೂ ಅನ್ನಲಿಲ್ಲ, ಆದ್ರ ಮರುದಿನ ನಾ ಬೂಟ ಹಾಕ್ಕೊಳ್ಳುಮುಂದ ಅವರು ನೋಡೂ ನೋಟ ಬ್ಯಾರೆ ಇತ್ತು. ಗಂಡಸು ಹೊಂಟ್ರ ವಾಕಿಂಗ್ ಹೊಂಟಾನ ಅಂತಾರ, ಹೆಂಗಸು ಹೊಂಟ್ರ ಎಲ್ಲಿಗೆ ಅಂತ ಕೇಳ್ತಾರ.

ಮತ್ತ ಪಾರ್ಕಿನ್ಯಾಗ ಹೆಂಗಸರಿಗೆ ಶೌಚಾಲಯ ಇರಂಗಿಲ್ಲ, ಇದ್ರೂ ಕೀಲಿ ಹಾಕಿರ್ತಾರ. ಮುಟ್ಟಿನ ದಿನ ಒಂದ ತಾಸು ಹೊರಗ ಹೋಗೂದು ಹೆಂಗ, ಗಂಡಸರು ಇದನ್ನ ಎಂದರೆ ವಿಚಾರ ಮಾಡ್ಯಾರೇನ್ರಿ?

ಫಿಸಿಯೋ_ಮೈಸೂರು
ನಾನು ಫಿಸಿಯೋಥೆರಪಿಸ್ಟ್, ಹೆಂಗಸರೇ ಜಾಸ್ತಿ ಬರ್ತಾರೆ ನನ್ ಹತ್ರ. ಟೈಮು, ಜಾಗ ಎರಡೂ ಹೇಳಿದೀರಾ, ದೇಹದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲನೇದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇದು, 2019-21ರದ್ದು, ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಅಂದ್ರೆ ಹೆಚ್ಚೂಕಮ್ಮಿ ಇಬ್ಬರಲ್ಲಿ ಒಬ್ಬರಿಗೆ. ಹಿಮೋಗ್ಲೋಬಿನ್ 12ರ ಕೆಳಗಿದ್ರೆ ರಕ್ತ ಹೊರೋ ಆಮ್ಲಜನಕಾನೇ ಕಮ್ಮಿ, ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳುತ್ತೆ, ಹತ್ತು ನಿಮಿಷ ಜೋರಾಗಿ ನಡೆದ್ರೆ ಕಾಲು ಸೋಲುತ್ತೆ. ಅವರಿಗೆ "ಮನಸ್ಸಿಲ್ಲ" ಅನ್ನೋದು ಪೆಟ್ರೋಲಿಲ್ಲದ ಗಾಡೀನ ಒದೀತಾ ನಿಂತಂಗೆ. ಥೈರಾಯ್ಡ್ ಕಮ್ಮಿ ಇದ್ರೂ ಇದೇ ಸುಸ್ತು.

ಎರಡನೇದು ಯಾರೂ ಬಾಯಿಬಿಟ್ಟು ಹೇಳಲ್ಲ. ಹೆರಿಗೆ ಆದ್ಮೇಲೆ ಸೊಂಟದ ತಳದ ಸ್ನಾಯು ಸಡಿಲ ಆಗುತ್ತೆ, ಕೆಮ್ಮಿದ್ರೆ, ಸೀನಿದ್ರೆ, ಹಾರಿದ್ರೆ ಮೂತ್ರ ಹನಿಯುತ್ತೆ. ನನ್ ಹತ್ರ ಬಂದಿದ್ದ ಒಬ್ಬರು ಏರೋಬಿಕ್ಸ್ ಕ್ಲಾಸ್ ಬಿಟ್ಟಿದ್ದಕ್ಕೆ ಎಲ್ಲರಿಗೂ ಮಂಡಿನೋವು ಅಂತ ಹೇಳಿದ್ರಂತೆ, ನನಗೂ ಮಂಡಿನೇ ತೋರಿಸಿದ್ರು. ಮಂಡಿಯಲ್ಲಿ ಏನೂ ಇರ್ಲಿಲ್ಲ. ಮೂರನೇ ಸಲ ಬಂದಾಗ ಬಾಗಿಲು ಹಾಕಿದೆಯಾ ನೋಡ್ಕೊಂಡು, ಹಾರೋ ವ್ಯಾಯಾಮ ಮಾಡಿದ್ರೆ ಬಟ್ಟೆ ಒದ್ದೆ ಆಗುತ್ತೆ ಮೇಡಂ ಅಂತ ಮೆಲ್ಲಗೆ ಹೇಳಿ ಅತ್ರು. ಇದಕ್ಕೆ ವ್ಯಾಯಾಮ ಇದೆ, ಕೀಗಲ್ ಅಂತ, ಆ ಸ್ನಾಯುನ ಬಿಗಿ ಹಿಡಿದು ಬಿಡೋದು, ಸರಿಯಾಗಿ ಕಲಿತು ದಿನಾ ಮಾಡಿದ್ರೆ ಮೂರ್ನಾಲ್ಕು ತಿಂಗಳಲ್ಲಿ ತುಂಬಾ ಜನಕ್ಕೆ ಗುಣ ಸಿಗುತ್ತೆ. ಆದ್ರೆ ನಮ್ಮಲ್ಲಿ ಬಾಣಂತನ ಅಂದ್ರೆ ಎಣ್ಣೆ ಸ್ನಾನ, ಖಾರ, ಸೊಂಟಕ್ಕೆ ಬಟ್ಟೆ ಬಿಗಿಯೋದು, ಸಾಂಬ್ರಾಣಿ ಹೊಗೆ, ಎಲ್ಲಾ ಇದೆ, ಈ ಒಂದು ಮಾತು ಇಲ್ಲ.

ಮೂರನೇದು 45ರ ಆಚೆ ಈಚೆ. ಮುಟ್ಟು ನಿಲ್ಲೋ ಹೊತ್ತಿಗೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ರಾತ್ರಿ ಬೆವರಿ ನಿದ್ದೆ ಹೋಗುತ್ತೆ, ಗಂಟು ನೋವು, ಮೂಳೆ ಸವೆತ. ವ್ಯಾಯಾಮ ಅತೀ ಬೇಕಾಗಿರೋ ವಯಸ್ಸಲ್ಲೇ ಅದು ಅತೀ ಕಷ್ಟ ಆಗುತ್ತೆ.

ಬೆಣ್ಣೆದೋಸೆ_41
ಫಿಸಿಯೋ ಮೇಡಂ, ನೀವು ಬರೆದಿದ್ದನ್ನ ಎರಡು ಸಲ ಓದಿದೆ. ಜುಂಬಾ ಹನ್ನೊಂದು ದಿನಕ್ಕೆ ಬಿಟ್ಟಿದ್ದು ನಾನು ಕೂಡ ಅದೇ ಕಾರಣಕ್ಕೆ. ಮನೇಲಿ ಟೀಚರ್ ಸರಿಯಿಲ್ಲ ಅಂದಿದ್ದೆ. ಎರಡನೇ ಮಗು ಆಗಿ ಏಳು ವರ್ಷ ಆಯ್ತು, ಇವತ್ತಿನ ತನಕ ಯಾರ ಹತ್ರಾನೂ ಹೇಳಿಲ್ಲ, ನಮ್ಮ ಅಕ್ಕನ ಹತ್ರಾನೂ ಇಲ್ಲ. ಇದಕ್ಕೊಂದು ಹೆಸರಿದೆ, ವ್ಯಾಯಾಮ ಇದೆ ಅಂತಾನೇ ಗೊತ್ತಿರ್ಲಿಲ್ಲ.

ಮಲೆನಾಡ_ಓಟಗಾರ
ಮೇಡಂ ಕ್ಷಮಿಸಿ, ಇದು ನಂಗೆ ಗೊತ್ತಿರ್ಲಿಲ್ಲ. ಆದ್ರೂ ನನ್ನ ಮಾತು ಪೂರ್ತಿ ವಾಪಸ್ ತಗೊಳ್ಳಲ್ಲ. ಕಾರಣ ಏನೇ ಇರ್ಲಿ ಶುಗರ್ ಅದನ್ನ ಕೇಳ್ಕೊಂಡು ಬರಲ್ಲ. ಅಮ್ಮನ್ನ ನೋಡ್ತಾ ಇದೀನಲ್ಲ. ಅಜ್ಜಿ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ, ಅವರಿಗೂ ಮನೆ ತುಂಬ ಕೆಲಸ ಇತ್ತು, ಆ ಕೆಲಸಾನೇ ವ್ಯಾಯಾಮ ಆಗಿತ್ತು ಅಲ್ವಾ?

ಫಿಸಿಯೋ_ಮೈಸೂರು
ಒಳ್ಳೆ ಪ್ರಶ್ನೆ ಸರ್. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮೈ ದಂಡಿಸ್ಬೇಕು ಅಂತ ಹೇಳೋದ್ರಲ್ಲಿ ಮನೆಕೆಲಸ, ಹೊಲದ ಕೆಲಸ, ನಡ್ಕೊಂಡು ಹೋಗೋದು ಎಲ್ಲಾ ಲೆಕ್ಕಕ್ಕಿದೆ, ಜಿಮ್ ಒಂದೇ ಅಲ್ಲ. ಹಂಗೆ ಎಲ್ಲಾ ಸೇರಿಸಿದ ಮೇಲೂ, 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಅಧ್ಯಯನದಲ್ಲಿ ನಮ್ಮ ದೇಶದ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42 ಜನ ಆ ಮಟ್ಟ ಮುಟ್ಟಲ್ಲ ಅಂತ ಇದೆ, 2022ರ ಲೆಕ್ಕ ಅದು. ಉಸಿರು ಏರಿದ್ರೆ ಮಾತ್ರ ಲೆಕ್ಕ. ಒಳಕಲ್ಲು ರುಬ್ಬೋದು, ಬಾವಿ ಸೇದೋದು ಉಸಿರು ಏರಿಸ್ತಿತ್ತು. ಈಗಿನ ಅಡುಗೆಮನೆ ಕೆಲಸ ಅಂದ್ರೆ ನಾಲ್ಕು ಗಂಟೆ ಒಂದೇ ಕಡೆ ನಿಲ್ಲೋದು, ಕಾಲು ಊದುತ್ತೆ, ಸೊಂಟ ಹಿಡ್ಕೊಳ್ಳುತ್ತೆ, ಉಸಿರು ಏರಲ್ಲ. ದಣಿವು ಪೂರ್ತಿ, ಲಾಭ ಕಮ್ಮಿ. ಮತ್ತೆ ಎಲ್ಲಾ ಅಜ್ಜಿಯರೂ 88 ಮುಟ್ಟಲಿಲ್ಲ ಸರ್, ಹೆರಿಗೇಲಿ ಹೋದವರು ಯಾರ ಮಾತಲ್ಲೂ ಬರಲ್ಲ.

ಪೀಣ್ಯ_ಹುಡುಗಿ
ನಮ್ಮಮ್ಮ ಹದಿನಾರು ವರ್ಷದಿಂದ ಗಾರ್ಮೆಂಟ್ಸಲ್ಲಿ ಟೈಲರ್. ಇಡೀ ದಿನ ಮಷೀನ್ ಮುಂದೆ ಬಗ್ಗಿ ಕೂತು ಕಾಲರ್ ಹೊಲೀತಾರೆ, ಟಾಯ್ಲೆಟ್ಟಿಗೆ ಹೋದ್ರೂ ಪೀಸ್ ಬಾಕಿ ಬೀಳುತ್ತೆ ಅಂತ ನೀರೇ ಕುಡಿಯಲ್ಲ. ಬಲಗೈ ಭುಜ ಎತ್ತೋಕಾಗಲ್ಲ, ಜಡೆ ನಾನೇ ಹಾಕ್ತೀನಿ. ಡಾಕ್ಟ್ರು "ದಿನಾ ವಾಕ್ ಮಾಡಮ್ಮ" ಅಂದ್ರೆ ಅಮ್ಮ ಹೂಂ ಅಂದು ಬರ್ತಾರೆ. ರಾತ್ರಿ ಎಂಟಕ್ಕೆ ಮನೆಗೆ ಬರೋರು ಎಲ್ಲಿ ವಾಕ್ ಮಾಡ್ಬೇಕು, ನಮ್ಮ ರೋಡಲ್ಲಿ ಫುಟ್‌ಪಾತೇ ಇಲ್ಲ. ನಿಮ್ಮ ಚರ್ಚೇಲಿ ಇಂಥೋರೂ ಇರ್ಲಿ ಅಂತ ಬರೆದೆ.

ಕರಾವಳಿ_ಅಮ್ಮ
ಪುಟ್ಟಾ, ನಿನ್ನ ಅಮ್ಮನ ಭುಜ ಯಾರಿಗಾದ್ರೂ ಬೇಗ ತೋರಿಸು, ಬಿಟ್ರೆ ಪೂರ್ತಿ ಗಟ್ಟಿ ಆಗ್ತದೆ, ನನಗೆ ಆಗಿದೆ.

ನಾನು ಉಡುಪಿಯವಳು, 56. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಡೀಲಿಕ್ಕೆ ಮಳೆ ಬಿಡುವುದಿಲ್ಲ ಮಾರಾಯ್ರೇ. ನಾನು ಅರ್ಧ ಗಂಟೆ ಒಟ್ಟಿಗೆ ಅಂತ ಕಾಯುವುದನ್ನೇ ಬಿಟ್ಟೆ. ಕುಕ್ಕರ್ ಮೂರು ವಿಷಲ್ ಆಗುವಷ್ಟು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆ ಹಿಡ್ಕೊಂಡು ಕೂತು ಏಳುವುದು ಇಪ್ಪತ್ತು ಸಲ. ಮೊದಲು ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಅಂತ ಇತ್ತು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೆಗೆದಿದೆ, ಎರಡು ನಿಮಿಷ ಮಾಡಿದ್ರೂ ಲೆಕ್ಕ ಉಂಟು ಅಂತ ನನ್ನ ಮಗಳೇ ಹೇಳಿದ್ದು. ಒಂದೂವರೆ ವರ್ಷ ಆಯ್ತು, ನಿಂತಿಲ್ಲ.

ಅಕ್ಕಿರೊಟ್ಟಿ
ಅಮ್ಮಾ ನಿಮ್ಮ ಬಗ್ಗೆ ಗೌರವ ಇದೆ, ಆದ್ರೆ ಇದನ್ನ ಒಪ್ಪೋಕೆ ನಂಗೆ ಕಷ್ಟ ಆಗ್ತಿದೆ. ಗಂಡಸರಿಗೆ ಕೆರೆ ಏರಿ ಮೇಲೆ ಒಂದು ಗಂಟೆ, ನಮಗೆ ಕುಕ್ಕರ್ ವಿಷಲ್ ಮಧ್ಯೆ ಮೂರು ನಿಮಿಷ. ನಾವು ಚೂರುಪಾರಲ್ಲೇ ಹೊಂದಿಸ್ಕೊಂಡ್ರೆ ಮನೆಯವರು ಏನೂ ಬದಲಾಯಿಸ್ಬೇಕಿಲ್ಲ. ವಾಕಿಂಗ್ ಅಂದ್ರೆ ಬರೀ ಕಾಲಿಗೆ ಅಲ್ಲ, ಯಾರೂ "ಅಮ್ಮಾ" ಅಂತ ಕರೀದೇ ಇರೋ ಅರ್ಧ ಗಂಟೆ ಅದು. ಅದು ಮೆಟ್ಟಿಲ ಮೇಲೆ ಸಿಗಲ್ಲ.

ಕರಾವಳಿ_ಅಮ್ಮ
ಸರಿ ಮಗಾ, ನೀನು ಹೇಳುವುದು ನ್ಯಾಯವೇ. ಆದರೆ ಮನೆಯವರು ಬದಲಾಗುವವರೆಗೆ ಕಾದಿದ್ರೆ ನನ್ನ ಮಂಡಿ ಕಾಯ್ತಾ ಇರಲಿಲ್ಲ. ಎರಡೂ ಬೇಕು, ಕೇಳುವುದು ಬಿಡಬಾರದು, ಮಾಡುವುದೂ ಬಿಡಬಾರದು.

ಧಾರವಾಡದಾಕಿ
ನಮ್ಮ ಓಣ್ಯಾಗ ಈಗ ನಾವು ನಾಕ ಮಂದಿ ಕೂಡಿ ಹೊಂಟೇವ್ರಿ, ಆ "ಎಲ್ಲಿಗೆ ಹೊಂಟಾಳ" ಅಂದ ಹಿರೇರ ಸೊಸಿನೂ ನಮ್ಮ ಜೋಡಿ ಬರ್ತಾಳ. ನಾಕ ಮಂದಿ ಇದ್ರ ನಾಯಿನೂ ಹತ್ರ ಬರಂಗಿಲ್ಲ, ಹುಡುಗೂರೂ ಸುಮ್ನ ಇರ್ತಾರ. ಒಬ್ಬಾಕಿ ತಪ್ಪಿಸಿದ್ರ ಉಳಿದ ಮೂವರು ಗೇಟಿಗೆ ಬಂದು ಕರೀತಾರ, ಮನ್ಯಾಗಿನವರಿಗೂ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ.

ಬೆಣ್ಣೆದೋಸೆ_41
ಎಲ್ಲರ ಮಾತೂ ಓದಿದೆ. ನಿನ್ನೆ ರಾತ್ರಿ ಇವರಿಗೆ ಫೋನ್ ಕೊಟ್ಟು ಓದಿ ಅಂದೆ, ನನ್ನ ಜುಂಬಾ ವಿಷಯ ಬರೆದಿದ್ದು ಸೇರಿಸೇ. ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ನೀರು ಬರೋ ದಿನ ನಾನು ಮನೇಲಿರ್ತೀನಿ" ಅಂದ್ರು. ಅತ್ತೆ ಮಾತ್ರೆ, ಮಗನ ಡಬ್ಬಿ ಬಗ್ಗೆ ಇನ್ನೂ ಮಾತಾಗಿಲ್ಲ. ವಾರಕ್ಕೆ ಎರಡು ದಿನ ಸಿಕ್ಕಿದೆ, ಉಳಿದಿದ್ದಕ್ಕೆ ಇನ್ನೊಂದ್ಸಲ ಕೇಳ್ತೀನಿ. ಫಿಸಿಯೋ ಮೇಡಂ, ರಕ್ತ ಪರೀಕ್ಷೆಗೆ ಬೆಳಗ್ಗೆ ಖಾಲಿ ಹೊಟ್ಟೇಲೇ ಹೋಗ್ಬೇಕಾ?

ಫಿಸಿಯೋ_ಮೈಸೂರು
ಬರೀ ಹಿಮೋಗ್ಲೋಬಿನ್ನಿಗೆ ಬೇಡ. ಶುಗರ್ರೂ ಮಾಡಿಸೋದಾದ್ರೆ ಖಾಲಿ ಹೊಟ್ಟೇಲಿ ಹೋಗಿ, ಥೈರಾಯ್ಡೂ ಒಟ್ಟಿಗೆ ಮಾಡಿಸಿಬಿಡಿ. ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ರೆ ಕಾಫಿ ಟೀ ಜೊತೆ ತಗೋಬೇಡಿ, ಮಾತ್ರೆ ಮೈಗೆ ಹತ್ತಲ್ಲ. ಕೀಗಲ್ ಹೆಂಗೆ ಮಾಡೋದು ಅಂತ ನಾಳೆ ಬೇರೆಯಾಗಿ ಬರೀತೀನಿ, ಹೊಟ್ಟೆ ಬಿಗಿ ಹಿಡಿಯೋದು ಅಂತ ತುಂಬಾ ಜನ ತಪ್ಪಾಗಿ ಮಾಡ್ತಾರೆ. ರಿಪೋರ್ಟ್ ಬಂದ್ಮೇಲೆ ಇಲ್ಲೇ ಹೇಳಿ.